ಒಣ ತೂಕ

ಮಾರ್ಚ್ ೪, ಮಂಗಳವಾರ

ಸೋಪಿನ ಪುಡಿ ಮಾರುವ ಏಜೆಂಟ್ ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಇದು. ಇಸ್ತ್ರಿ ಮೇಜು ಅಲುಗಾಡದಿರಲೆಂದು ಅದರ ಕಾಲಿನ ಕೆಳಗೆ ಇಟ್ಟಿದ್ದೆ. ಇವತ್ತು ಎಳೆದು ತೆಗೆದೆ. ಮೇಜು ಈಗ ಕುಂಟುತ್ತಿದೆ, ಕುಂಟಲಿ. ನನಗೆ ಯಾರನ್ನಾದರೂ ಬೈಯಬೇಕು. ಅಕ್ಕನನ್ನು ಬೈಯುವ ಹಾಗಿಲ್ಲ, ಇಸ್ತ್ರಿಯವನನ್ನು ಬೈದರೆ ಕೆಲಸ ಬಿಟ್ಟು ಹೋಗುತ್ತಾನೆ. ಕಾಗದ ಎಲ್ಲಿಗೂ ಹೋಗುವುದಿಲ್ಲ.

ಅಕ್ಕನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ಈಗ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಿಗ್ಗೆ ಹೋದರೆ ಮಧ್ಯಾಹ್ನದವರೆಗೆ ಯಂತ್ರದ ಪಕ್ಕ ಮಲಗಿರಬೇಕು. ನನ್ನದೊಂದನ್ನು ಕೊಡುತ್ತೇನೆಂದು ಎದೆಯುಬ್ಬಿಸಿಕೊಂಡು ಹೋಗಿದ್ದೆ. ನನ್ನ ಸಕ್ಕರೆ ಕಾಯಿಲೆ ಅಲ್ಲಿಗೂ ಕೈ ಹಾಕಿದೆಯಂತೆ. ಇರುವುದನ್ನು ಜೋಪಾನ ಮಾಡಿಕೊಳ್ಳಿ ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಬೇರೆ ಯಾರದಾದರೂ ಸಿಗುವ ಸರದಿಯಲ್ಲಿ ಹೃದಯವೂ ಗಟ್ಟಿಯಿಲ್ಲದ ಅರವತ್ತಾರರ ಹೆಂಗಸು ಎಷ್ಟು ಹಿಂದೆ ಇರುತ್ತಾಳೆ ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ನನಗೆ ಅರ್ಥವಾಯಿತು.

ಮನೆಯಲ್ಲಿ ನಾವಿಬ್ಬರೇ. ಅವಳು ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು, ನಾನು ಅಪ್ಪನ ಲಾಂಡ್ರಿ ನಡೆಸುವವನು. ಕೆಳಗೆ ಅಂಗಡಿ, ಮೇಲೆ ಮನೆ. ಅವಳಿಗೆ ಯಾರೂ ಹಿಡಿಸಲಿಲ್ಲ, ನಾನು ಯಾರಿಗೂ ಹಿಡಿಸಲಿಲ್ಲ. ಹೀಗಾಗಿ ಇಬ್ಬರೂ ಒಂದೇ ಮನೆಯಲ್ಲಿ ಮುದುಕರಾದೆವು.

ಆ ಆಸ್ಪತ್ರೆಯಲ್ಲಿ ನನಗೆ ಅರ್ಥವಾದ ಮಾತು ಒಂದೇ. ನರ್ಸಮ್ಮ ಅಕ್ಕನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಇವರ ಒಣ ತೂಕ ಇಷ್ಟು, ಈಗ ಮೈಯಲ್ಲಿ ಸೇರಿದ ನೀರು ಇಷ್ಟು, ಇವತ್ತು ಇಷ್ಟನ್ನು ಹಿಂಡಬೇಕು ಎಂದರು. ಇದು ನಮ್ಮ ಭಾಷೆ. ಹೋಟೆಲಿನ ಹಾಸಿಗೆಬಟ್ಟೆಗಳನ್ನು ನಾವು ತೂಕದ ಮೇಲೆಯೇ ಒಗೆಯುವುದು. ಒದ್ದೆ ಬಟ್ಟೆಯ ತೂಕ ಸುಳ್ಳು, ಒಣಗಿದ ಮೇಲಿನದೇ ನಿಜ ಎಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದರು. ನನಗೆ ತಕ್ಕಡಿಯೂ ಬೇಕಾಗಿಲ್ಲ. ಗಂಟನ್ನು ಒಮ್ಮೆ ಎತ್ತಿದರೆ ಸಾಕು, ತೂಕ ಹೇಳುತ್ತೇನೆ, ಒದ್ದೆಯೋ ಒಣವೋ ಎಂದೂ ಹೇಳುತ್ತೇನೆ.

ಅಕ್ಕ ಮೂತ್ರ ಮಾಡುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ. ಅದಕ್ಕೆ ದಿನಕ್ಕೆ ಒಂದು ಸಣ್ಣ ಬಾಟಲಿ, ಅಷ್ಟೇ. ಬಾಟಲಿಯ ಉಸ್ತುವಾರಿ ನನ್ನದು. ನಮ್ಮ ಕೆಲಸಕ್ಕೆ ಬಿಸಿನೀರು, ಹಬೆ, ದಿನವಿಡೀ ಹರಿಯುವ ನಲ್ಲಿ. ಅದರ ನಡುವೆ ಅವಳು ಒಣಬಾಯಿಯಲ್ಲಿ ಕೂತಿರುತ್ತಾಳೆ.

ಮಾರ್ಚ್ ೬, ಗುರುವಾರ

ಆಸ್ಪತ್ರೆಯಿಂದ ಬರುವಾಗ ತಡವಾಯಿತು. ಇಸ್ತ್ರಿಯವನು ಜೇಬುಗಳನ್ನು ಖಾಲಿ ಮಾಡಿ ತಗಡಿನ ತಟ್ಟೆ ತುಂಬಿಸಿಟ್ಟಿದ್ದ. ಅಪ್ಪನ ಪದ್ಧತಿ ಅದು. ಒಗೆಯಲು ಬಂದ ಪ್ರತಿ ಬಟ್ಟೆಯ ಪ್ರತಿ ಜೇಬನ್ನೂ ತಿರುವಿ ಹಾಕಬೇಕು. ಬಂದದ್ದೆಲ್ಲ, ಕಸವೋ ಒಡವೆಯೋ ಎಂದು ನೋಡದೆ, ಮೊದಲು ತಟ್ಟೆಗೆ. ಆಮೇಲೆ ಕೂತು ಒಂದೊಂದನ್ನೇ ಆರಿಸಿ, ಯಾರದೆಂದು ನೆನಪು ಮಾಡಿಕೊಂಡು, ಪುಟ್ಟ ಬಟ್ಟೆಚೀಲದಲ್ಲಿ ಹಾಕಿ ಅವರವರ ಬಟ್ಟೆಗೆ ಕಟ್ಟಬೇಕು. ಕೊನೆಗೆ ಉಳಿದ ಧೂಳು, ನೂಲಿನ ಚೂರು ಮಾತ್ರ ಬುಟ್ಟಿಗೆ.

ನನಗೆ ಇವತ್ತು ತಲೆ ಕೆಟ್ಟಿತ್ತು. ಹರಿದ ಬಸ್ ಟಿಕೆಟು, ಮೊಂಡು ಪೆನ್ಸಿಲು, ಬಾಚಣಿಗೆ ಹಲ್ಲು, ಇದನ್ನೆಲ್ಲ ಯಾರು ಕೇಳುತ್ತಾರೆ? ತಟ್ಟೆಯನ್ನು ಹಾಗೆಯೇ ಕಸದ ಬುಟ್ಟಿಗೆ ಕವುಚಿದೆ. ಅಕ್ಕ ಮೆಟ್ಟಿಲ ಮೇಲೆ ಕೂತು ಉಸಿರು ಸುಧಾರಿಸಿಕೊಳ್ಳುತ್ತಿದ್ದವಳು ನೋಡಿಬಿಟ್ಟಳು. ತರಗತಿಯಲ್ಲಿ ಬೈಯುವ ಹಾಗೆ ಬೈದಳು. ಅಪ್ಪ ಇದ್ದಿದ್ದರೆ ನಿನ್ನನ್ನೇ ಆ ಬುಟ್ಟಿಗೆ ಹಾಕುತ್ತಿದ್ದರು ಎಂದಳು.

ಒಂದು ಗುಂಡಿ ಮೇಜಿನಡಿ ಉರುಳಿ ಉಳಿದುಕೊಂಡಿತ್ತು. ಕಂದು ಬಣ್ಣದ ಕೋಟಿನ ಗುಂಡಿ, ದಪ್ಪ, ನುಣುಪು. ಅದನ್ನು ಅಕ್ಕ ನನ್ನಿಂದ ಎತ್ತಿಸಿ, ತೊಳೆಸಿಕೊಂಡು ಬಾಯಿಗೆ ಹಾಕಿಕೊಂಡಳು. ಚೀಪುತ್ತಿದ್ದರೆ ಎಂಜಲು ಊರುತ್ತದಂತೆ, ನೀರಿನ ಹಪಾಹಪಿ ಕಡಿಮೆಯಾಗುತ್ತದಂತೆ. ನುಂಗಿಬಿಟ್ಟರೆ ಏನು ಗತಿ ಎಂದೆ.

"ನುಂಗಿದ್ರೆ ಹೊರಗೆ ಬರುತ್ತೆ ಬಿಡೋ. ಆ ಕೆಲಸ ಮಾಡೋ ಅಂಗ ಇನ್ನೂ ಚೆನ್ನಾಗೇ ಇದೆ" ಎಂದಳು.

ಮಾರ್ಚ್ ೧೫, ಶನಿವಾರ

ಅಕ್ಕನ ಕೋಪ ಇಳಿದಿಲ್ಲ. ಇವತ್ತು ಯಂತ್ರ ತಿರುಗುತ್ತಿರುವಾಗ ಸುಮ್ಮನಿರಲಾರದೆ ಕೇಳಿದೆ, ಮೂತ್ರಪಿಂಡ ಅಂದರೆ ಕಸ ಆರಿಸಿ ಎಸೆಯುವ ಅಂಗ ತಾನೇ ಎಂದು. ಅವಳು ದಿಂಬಿನ ಮೇಲೆ ಮೇಲಕ್ಕೆ ಸರಿದು ಕೂತಳು. ಬಹಳ ದಿನದ ಮೇಲೆ ಮುಖಕ್ಕೆ ಕಳೆ ಬಂತು. ಎಲ್ಲರೂ ತಿಳಿದಿರುವುದು ಹಾಗೆಯೇ, ಅದು ತಪ್ಪು ಎಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಒಂದೊಂದು ಮೂತ್ರಪಿಂಡದಲ್ಲೂ ಲಕ್ಷಗಟ್ಟಲೆ ಪುಟ್ಟ ಜರಡಿಗಳು. ರಕ್ತ ಅಲ್ಲಿಗೆ ಒತ್ತಡದಿಂದ ಬರುತ್ತದೆ. ರಕ್ತಕಣ, ದೊಡ್ಡ ದೊಡ್ಡ ಪ್ರೋಟೀನು ಜರಡಿ ದಾಟದೆ ಒಳಗೇ ಉಳಿಯುತ್ತವೆ. ಚಿಕ್ಕದಾಗಿರುವುದೆಲ್ಲ ಹೊರಕ್ಕೆ ಸುರಿದುಹೋಗುತ್ತದೆ. ನೀರು, ಉಪ್ಪು, ಸಕ್ಕರೆ, ಕಸ, ಯಾವುದನ್ನೂ ಕೇಳುವುದಿಲ್ಲ. ಹೀಗೆ ದಿನಕ್ಕೆ ನಮ್ಮ ದೊಡ್ಡ ತೊಟ್ಟಿ ತುಂಬುವಷ್ಟು ನೀರು ಸೋರುತ್ತದಂತೆ. ಅಷ್ಟೂ ಹೋಗಿಬಿಟ್ಟರೆ ಮನುಷ್ಯ ಮಧ್ಯಾಹ್ನದೊಳಗೆ ಒಣಗಿ ಕಡ್ಡಿಯಾಗುತ್ತಾನೆ. ಆದರೆ ಜರಡಿಯ ಆಚೆ ಒಂದು ಉದ್ದನೆಯ ಸಪೂರ ನಳಿಗೆ ಇದೆ. ಅದರ ಗೋಡೆಯುದ್ದಕ್ಕೂ ಕೂತಿರುವ ಜೀವಕೋಶಗಳು ಹರಿದುಹೋಗುವುದರಲ್ಲಿ ಬೇಕಾದದ್ದನ್ನು ಹಿಡಿದು ರಕ್ತಕ್ಕೆ ಮರಳಿಸುತ್ತವೆ. ಸಕ್ಕರೆಯನ್ನು ಪೂರ್ತಿ, ಉಪ್ಪನ್ನು ಬೇಕಾದಷ್ಟು, ನೀರನ್ನು ಹೆಚ್ಚುಕಡಿಮೆ ಎಲ್ಲವನ್ನೂ. ಯಾರೂ ಕೈಚಾಚದೆ ಉಳಿದದ್ದು ಮಾತ್ರ ಮೂತ್ರ.

"ಎಲ್ಲಾನೂ ಮೊದಲು ಎಸೆಯೋದು, ಆಮೇಲೆ ನಮ್ಮದನ್ನ ವಾಪಸ್ ತಗೊಳ್ಳೋದು. ಅಪ್ಪನ ತಟ್ಟೆ ಕಣೋ ಅದು. ನೀನು ಮೊನ್ನೆ ಮೊದಲ ಅರ್ಧ ಮಾತ್ರ ಮಾಡ್ದೆ."

ಕಿಟಕಿ ಪಕ್ಕದ ಹಾಸಿಗೆಯವರು ನಿವೃತ್ತ ಬಸ್ ಡ್ರೈವರು, ಎಲ್ಲದಕ್ಕೂ ಬಾಯಿ ಹಾಕುವವರು. "ಅಂದ್ರೆ ಬಸ್ಸಲ್ಲಿರೋರನ್ನೆಲ್ಲ ಕೆಳಗಿಳಿಸಿ, ಟಿಕೆಟ್ ಇರೋರನ್ನ ಮತ್ತೆ ಹತ್ತಿಸಿಕೊಳ್ಳೋದು ಅನ್ನಿ ಮೇಡಂ" ಎಂದರು. ಅಕ್ಕ ಅವರಿಗೆ ಪೂರ್ತಿ ಅಂಕ ಕೊಟ್ಟಳು. ನನಗೆ ಯಾವತ್ತೂ ಕೊಟ್ಟವಳಲ್ಲ.

ಮಾರ್ಚ್ ೨೯, ಶನಿವಾರ

ಒಳ್ಳೆಯ ಸುದ್ದಿ. ಡಯಾಲಿಸಿಸ್ ಮುಗಿದ ಮೇಲೆ ತೂಗಿದರೆ ತಿಂಗಳ ಹಿಂದೆ ಹೇಳಿದ್ದ ಒಣ ತೂಕವೇ. ಒಂದಿಷ್ಟೂ ಇಳಿದಿಲ್ಲ. ಊಟ ಸೇರುವುದಿಲ್ಲ, ಬಾಯೆಲ್ಲ ತಗಡು ನೆಕ್ಕಿದ ಹಾಗಿದೆ ಎಂದು ತಟ್ಟೆ ದೂಡುತ್ತಾಳೆ, ಆದರೂ ತೂಕ ನಿಂತಿದೆ. ಮೈ ಹಟ ಹಿಡಿದಿದೆ, ಅವಳದೇ ಮೈ ತಾನೇ. ಸಂಜೆ ಖುಷಿಗೆ ಬಾಟಲಿಯ ಲೆಕ್ಕ ಬಿಟ್ಟು ಅರ್ಧ ಲೋಟ ಹೆಚ್ಚಿಗೆ ಕೊಟ್ಟೆ. ಕಣ್ಣು ಮುಚ್ಚಿಕೊಂಡು ಕುಡಿದಳು.

ಹೊಸ ಸೋಪಿನ ಪುಡಿ ಮಾತ್ರ ದರಿದ್ರದ್ದು. ಅಕ್ಕನ ಬೂದು ಸ್ವೆಟರು ಜಗ್ಗಿಹೋಗಿದೆ. ಹೆಗಲು ತೋಳಿನವರೆಗೆ ಜಾರುತ್ತದೆ, ತೋಳು ಬೆರಳು ಮುಚ್ಚುತ್ತದೆ. ಆ ಉಣ್ಣೆಯನ್ನು ನಾನು ಹತ್ತು ವರ್ಷ ಒಗೆದಿದ್ದೇನೆ, ಯಾವತ್ತೂ ಹೀಗಾಗಿರಲಿಲ್ಲ.

ಏಪ್ರಿಲ್ ೨, ಬುಧವಾರ

ಏಜೆಂಟ್ ಬಂದಿದ್ದ. ಸ್ವೆಟರನ್ನು ಅವನ ಮುಖದ ಮುಂದೆ ಹಿಡಿದು ಚೆನ್ನಾಗಿ ನೀರಿಳಿಸಿದೆ. ಬೇರೆ ಯಾವ ಅಂಗಡಿಯಿಂದಲೂ ದೂರಿಲ್ಲ ಸಾರ್ ಎಂದ. ಬೇರೆಯವರಿಗೆ ಬಟ್ಟೆ ಗೊತ್ತಿಲ್ಲ, ನನಗೆ ಗೊತ್ತು ಎಂದೆ. ಅವನು ಸ್ವೆಟರನ್ನು ತಿರುಗಿಸಿ ನೋಡಿ, ನನ್ನ ಮುಖ ನೋಡಿ, ಅಕ್ಕ ಹೇಗಿದ್ದಾರೆ ಎಂದು ಕೇಳಿದ. ಮಾತು ತೇಲಿಸುವುದರಲ್ಲಿ ಎತ್ತಿದ ಕೈ. ಪುಡಿಯ ಚೀಲಗಳನ್ನು ವಾಪಸ್ ಹೊರಿಸಿ ಕಳಿಸಿದೆ.

ಅಕ್ಕನ ಕೈಗಡಿಯಾರದ ಪಟ್ಟಿಗೆ ಇನ್ನೊಂದು ತೂತು ಹಾಕಿಕೊಟ್ಟೆ. ಪಟ್ಟಿಯ ಚರ್ಮವೂ ಜಗ್ಗುತ್ತದೆ, ಬೆವರಿಗೆ.

ಏಪ್ರಿಲ್ ೧೦, ಗುರುವಾರ

ಕಿಟಕಿ ಪಕ್ಕದ ಹಾಸಿಗೆಗೆ ಹೊಸ ಹೊದಿಕೆ ಹಾಕಿದ್ದರು. ಅಕ್ಕ ಇಡೀ ಹೊತ್ತು ಆ ಕಡೆ ಮುಖ ಮಾಡಿ ಮಲಗಿದ್ದಳು. ಡ್ರೈವರು ಇನ್ನಿಲ್ಲ.

ಏಪ್ರಿಲ್ ೧೩, ಭಾನುವಾರ

ಒಂದು ಪುಟ್ಟ ಕೋಟಿನ ಜೇಬಿನಲ್ಲಿ ಹಾಲುಹಲ್ಲು ಸಿಕ್ಕಿತು, ಕಾಗದದಲ್ಲಿ ಮಡಿಸಿಟ್ಟದ್ದು. ಕೋಟು ಆಗಲೇ ಮನೆಗೆ ಹೋಗಿತ್ತು. ನಾನೇ ನಡೆದುಕೊಂಡು ಹೋಗಿ ಕೊಟ್ಟುಬಂದೆ. ಹೇಗೂ ಆ ಕಡೆ ಸೂಜಿ ತರಬೇಕಿತ್ತು. ಸೂಜಿ ತರಲು ಮರೆತೆ.

ಏಪ್ರಿಲ್ ೨೪, ಗುರುವಾರ



ಬೆಳಿಗ್ಗೆ ಆಸ್ಪತ್ರೆಗೆ ಹೊರಟಾಗ ಅಕ್ಕ ಮೆಟ್ಟಿಲ ಮೇಲೆಯೇ ಉಸಿರು ಸಿಕ್ಕದೆ ಕುಸಿದಳು. ತುಟಿ ನೀಲಿಯಾಗಿತ್ತು. ಎತ್ತಿಕೊಂಡೆ. ಹುಟ್ಟಿದಾಗಿನಿಂದ ನನ್ನನ್ನು ಎತ್ತಿದವಳು ಅವಳು, ನಾನು ಅವಳನ್ನು ಎತ್ತಿದ್ದು ಇದೇ ಮೊದಲು. ಎತ್ತಿದ ಕೂಡಲೇ ತೋಳಿಗೆ ಗೊತ್ತಾಯಿತು. ಭುಜ, ಬೆನ್ನು ಹಗುರ, ಬರೀ ಮೂಳೆ. ಭಾರವೆಲ್ಲ ಕೆಳಗೆ, ಕಾಲಿನಲ್ಲಿ ಜೋತುಬಿದ್ದಿತ್ತು. ಒದ್ದೆ ಗಂಟು ಹಾಗೆಯೇ ಕೈಗೆ ಸಿಗುವುದು.

ಡಾಕ್ಟರು ಅವಳ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಗುಳಿ ಬಿತ್ತು, ತುಂಬಲಿಲ್ಲ. ಆಮೇಲೆ ನನ್ನನ್ನು ಹೊರಗೆ ಕೂರಿಸಿ ಹೇಳಿದರು. ಮೈಯ ಮಾಂಸ ತಿಂಗಳುಗಳಿಂದ ಕರಗುತ್ತಿತ್ತು. ಕರಗಿದ ಜಾಗಕ್ಕೆ ನೀರು ಬಂದು ಕೂರುತ್ತಿತ್ತು. ಹೀಗಾಗಿ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾವೂ ಇನ್ನಷ್ಟು ಬೇಗ ಗಮನಿಸಬೇಕಿತ್ತು ಎಂದರು. ಒಣ ತೂಕವನ್ನು ಈಗ ಬಹಳ ಕೆಳಗೆ ಇಳಿಸಬೇಕು, ಹೆಚ್ಚು ನೀರು ಹಿಂಡಬೇಕು, ಅವರ ಹೃದಯ ಅದನ್ನು ತಡೆಯಬೇಕು.

ಒದ್ದೆಯ ತೂಕ ಸುಳ್ಳು ಎಂದು ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಕಲಿತವನು ನಾನು. ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಬಡಾಯಿ ಕೊಚ್ಚಿದವನು. ಮನೆಯಲ್ಲಿದ್ದ ಒಬ್ಬಳೇ ಒಬ್ಬಳು ಕರಗುತ್ತಿದ್ದಾಗ ತಕ್ಕಡಿ ನೋಡಿ ಕುಣಿದೆ, ಮೇಲಿಂದ ಅರ್ಧ ಲೋಟ ನೀರು ಕುಡಿಸಿದೆ. ಸ್ವೆಟರು ಜಗ್ಗಿತಂತೆ. ನನ್ನಷ್ಟು ದಡ್ಡ ಇನ್ನೊಬ್ಬನಿಲ್ಲ.

ಮೇ ೩, ಶನಿವಾರ

ಇವತ್ತೂ ಹೆಚ್ಚು ನೀರು ಹಿಂಡಿದರು. ಅರ್ಧಕ್ಕೆ ಬರುವಷ್ಟರಲ್ಲಿ ಅಕ್ಕನ ಮೀನಖಂಡ ಕಲ್ಲಿನ ಹಾಗೆ ಗಂಟು ಕಟ್ಟಿತು. ನಾನೂ ನರ್ಸಮ್ಮನೂ ಒಂದೊಂದು ಕಾಲು ಹಿಡಿದು ತಿಕ್ಕಿದೆವು. ರಕ್ತದೊತ್ತಡ ಬಿದ್ದು ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಯಂತ್ರ ಕೂಗಿತು, ನಿಲ್ಲಿಸಿದರು. ನಿಲ್ಲಿಸಿದರೆ ನೀರು ಉಳಿಯುತ್ತದೆ, ನಿಲ್ಲಿಸದಿದ್ದರೆ ಅವಳು ಉಳಿಯುವುದಿಲ್ಲ.

ಪಾಠ ಹೇಳುವಾಗಲೂ ಅಳುವಾಗಲೂ ಒಂದೇ ದನಿಯಲ್ಲಿ ಮಾತಾಡುವವಳು ನಮ್ಮಕ್ಕ. ಇವತ್ತು ಆ ಕೋಣೆಯಲ್ಲಿದ್ದ ಎಲ್ಲರೂ ತಿರುಗಿ ನೋಡುವ ಹಾಗೆ ಅಮ್ಮನನ್ನು ಕರೆದಳು.

ಮೇ ೪, ಭಾನುವಾರ

ಇನ್ನು ಹೋಗುವುದಿಲ್ಲ ಅಂದಳು. ಬೆಳಿಗ್ಗೆ, ಹಲ್ಲುಜ್ಜಿ ಬಂದು, ಮಾರುಕಟ್ಟೆಗೆ ಹೋಗುವುದಿಲ್ಲ ಅನ್ನುವ ಹಾಗೆ.

ನಾನು ಕೂಗಾಡಿದೆ. ಹೇಡಿ ಅಂದೆ. ಜಗಳದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವಳು ಮುಗಿಯಲಿ ಎಂದು ಕಾದಳು. ಆಮೇಲೆ ಕೈಸನ್ನೆಯಲ್ಲಿ ಹತ್ತಿರ ಕೂರಿಸಿಕೊಂಡಳು.

"ಆ ಯಂತ್ರ ಪಾಪದ್ದು. ಅದಕ್ಕೆ ಎಸೆಯೋದೊಂದೇ ಗೊತ್ತು. ಕಸದ ಜೊತೆ ನನ್ನನ್ನೂ ಒಂದೊಂದು ಚೂರು ಎಸೀತಾ ಇದೆ. ನಳಿಗೆ ಇಲ್ಲ ಕಣೋ ಅದಕ್ಕೆ, ವಾಪಸ್ ಕೊಡೋದು ಯಾರು? ಮೊದಲೆಲ್ಲ ತಿಂದು ತುಂಬ್ಕೊಳ್ತೀನಿ ಅನ್ಕೊಂಡಿದ್ದೆ. ಈಗ ಆಗ್ತಿಲ್ಲ. ಉಳಿದಿರೋಷ್ಟು ಜೊತೆ ಮನೇಲಿ ಇರ್ತೀನಿ."

ನನ್ನ ಗತಿ ಏನು ಎಂದು ಕೇಳಿದೆ. ನನ್ನ ಅಂಗಿಯ ಕಾಲರ್ ಸರಿಮಾಡಿದಳು. ಗೊತ್ತಿಲ್ಲದ್ದಕ್ಕೆ ಉತ್ತರ ಹೇಳುವ ಅಭ್ಯಾಸ ಅವಳಿಗಿಲ್ಲ.

ಮೇ ೬, ಮಂಗಳವಾರ

ಆಸ್ಪತ್ರೆಯ ಚೀಲ ಹೆಗಲಿಗೆ ಹಾಕಿಕೊಂಡು, ಬೂಟು ತೊಟ್ಟು ಮೆಟ್ಟಿಲ ಕೆಳಗೆ ನಿಂತಿದ್ದೆ. ಮನಸ್ಸು ಬದಲಾಯಿಸಿಯಾಳು ಎಂದು. ಎದ್ದು ಇಳಿದು ಬಂದಳು, ಗೋಡೆ ಹಿಡಿದು. ನನ್ನನ್ನು ದಾಟಿ ಅಂಗಡಿಗೆ ಹೋಗಿ ತಟ್ಟೆ ಮುಂದೆ ಕೂತಳು. ಬೂಟು ಬಿಚ್ಚಿದೆ.

ಡಾಕ್ಟರಿಗೆ ಫೋನ್ ಮಾಡಿದೆ. ಬೈಯುತ್ತಾರೆ, ಹೆದರಿಸುತ್ತಾರೆ, ಹಾಗಾದರೂ ಅವಳು ಬಗ್ಗಲಿ ಎಂದುಕೊಂಡಿದ್ದೆ. ಅವಳ ಹತ್ತಿರ ಬಹಳ ಹೊತ್ತು ಮಾತಾಡಿದರು. ಆಮೇಲೆ ನನಗೆ, ಅವರಿಗೆ ಎಲ್ಲ ತಿಳಿದಿದೆ, ಯೋಚಿಸಿಯೇ ಹೇಳುತ್ತಿದ್ದಾರೆ ಎಂದರು. ಒಂದು ವಾರ, ಹೆಚ್ಚೆಂದರೆ ಎರಡು. ಉಸಿರು ಕಟ್ಟದಿರಲು, ತುರಿಕೆಗೆ, ನಿದ್ದೆಗೆ ಔಷಧ ಬರೆದು ಕಳಿಸಿದರು. ಇನ್ನು ಪಥ್ಯ ಏನೂ ಬೇಡ, ಕೇಳಿದ್ದು ಕೊಡಿ ಎಂದರು. ಆ ಮಾತು ಕೇಳಿದ ಮೇಲೆ ನನಗೆ ಆಸೆ ಉಳಿಯಲಿಲ್ಲ.

ಅವಳು ಸಂಜೆಯವರೆಗೆ ಜೇಬಿನ ಸಾಮಾನು ಆರಿಸಿದಳು. ಬಾಯಲ್ಲಿ ಗುಂಡಿ. ಇಸ್ತ್ರಿಯವನಿಗೆ ಯಾರದು ಯಾವುದೆಂದು ಹೇಳುತ್ತಿದ್ದಳು. ಅವನು ಯಾವತ್ತೂ ಇಲ್ಲದ ವಿಧೇಯತೆಯಿಂದ ಹೂಂ ಅನ್ನುತ್ತಿದ್ದ.

ಮೇ ೯, ಶುಕ್ರವಾರ

"ಒಂದು ಲೋಟ ನೀರು ಕೊಡ್ತೀಯಾ?" ಎಂದು ಕೇಳಿದಳು. ಎರಡು ತಿಂಗಳಿಂದ ಈ ಮಾತಿಗೆ ನಾನು ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಎಷ್ಟು ಉಳಿದಿದೆ ನೋಡು ಎನ್ನುತ್ತಿದ್ದೆ.

ಸ್ಟೀಲಿನ ದೊಡ್ಡ ಲೋಟ ತೆಗೆದೆ. ನಲ್ಲಿ ತಿರುಗಿಸಿ ಕಂಠಪೂರ್ತಿ ತುಂಬಿಸಿದೆ. ಅಡುಗೆಮನೆಯಿಂದ ಅವಳ ಮಂಚದವರೆಗೆ ಒಂದು ಹನಿ ಚೆಲ್ಲಬಾರದೆಂದು ಉಸಿರು ಬಿಗಿಹಿಡಿದು ನಡೆದೆ. ಇದೊಂದನ್ನಾದರೂ ಸರಿಯಾಗಿ ಮಾಡಬೇಕಿತ್ತು. ಅವಳು ಗುಂಡಿಯನ್ನು ತೆಗೆದು ಸ್ವೆಟರಿನ ಜೇಬಿಗೆ ಹಾಕಿ, ಎರಡೂ ಕೈಯಲ್ಲಿ ಲೋಟ ಹಿಡಿದಳು. ತಳ ನಾನು ಹಿಡಿದಿದ್ದೆ. ನಿಲ್ಲಿಸಿ ನಿಲ್ಲಿಸಿ, ಪೂರ್ತಿ ಕುಡಿದಳು. ಗಲ್ಲದ ಮೇಲೆ ಇಳಿದದ್ದನ್ನು ಒರೆಸಲಿಲ್ಲ.

"ಎಷ್ಟು ತಣ್ಣಗಿದೆಯೋ" ಎಂದಳು. ಅಷ್ಟೇ.

ಒಳಗೆ ಹೋಗಿ ನಲ್ಲಿಯ ಹತ್ತಿರ ನಿಂತು ಅತ್ತೆ. ನೀರಿನ ಸದ್ದಿಗೆ ಕೇಳಿಸಿರಲಿಕ್ಕಿಲ್ಲ.

ಮೇ ೧೩, ಮಂಗಳವಾರ

ನಿದ್ದೆಯೇ ಹೆಚ್ಚು. ಎದ್ದಾಗ ನನ್ನನ್ನು ಅಪ್ಪ ಎಂದು ಕರೆದಳು. ಸರಿಪಡಿಸಲಿಲ್ಲ. ತಟ್ಟೆ ಖಾಲಿ ಆಯ್ತಾ ಎಂದು ಕೇಳಿದಳು. ಆಯ್ತಮ್ಮ, ಎಲ್ಲ ಅವರವರಿಗೆ ಕಟ್ಟಿಟ್ಟೆ ಎಂದೆ. ಅದು ನಿಜವೇ. ಈಚೆಗೆ ದಿನವೂ ಕಟ್ಟುತ್ತಿದ್ದೇನೆ, ಕೈ ಖಾಲಿ ಬಿಟ್ಟರೆ ಹುಚ್ಚು ಹಿಡಿಯುತ್ತದೆ.

ಮೇ ೧೫, ಗುರುವಾರ

ಅಕ್ಕ ಹೋದಳು. ಬೆಳಿಗ್ಗೆ, ಬಾಯ್ಲರ್ ಬಿಸಿಯಾಗುವ ಮೊದಲು.

ಜೂನ್ ೧, ಭಾನುವಾರ

ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡಿ, ಕಣ್ಣಮುಂದಿದ್ದರೆ ಸಂಕಟ ಎಂದು ಇಸ್ತ್ರಿಯವನು ಹೇಳಿದ. ಸರಿ ಎಂದು ಕಪಾಟಿನಲ್ಲಿದ್ದುದನ್ನೆಲ್ಲ ಕೆಳಗೆ ತಂದು ರಾಶಿ ಹಾಕಿದೆ. ಒಗೆಯದೆ ಕೊಡುವಂತಿಲ್ಲ.

ಬೂದು ಸ್ವೆಟರನ್ನು ಕೈಯಲ್ಲೇ ಒಗೆದು, ಹರವಿ ಒಣಗಿಸಿದೆ. ಒಣಗಿದ ಮೇಲೆ ಅಳತೆಪಟ್ಟಿ ಹಿಡಿದೆ. ಹೆಗಲು, ತೋಳು, ಸುತ್ತಳತೆ, ಎಲ್ಲ ಕೊಂಡಾಗ ಇದ್ದಷ್ಟೇ ಇದೆ. ಏಜೆಂಟನಿಗೆ ಫೋನ್ ಮಾಡಿ ಪುಡಿ ಕಳಿಸಲು ಹೇಳಿದೆ. ಅವನು ಏನನ್ನೂ ಕೇಳಲಿಲ್ಲ, ಒಳ್ಳೆಯ ಮನುಷ್ಯ.

ಒಗೆಯುವ ಮೊದಲು ಜೇಬು ತಿರುವಿದ್ದೆ, ಪದ್ಧತಿಯಂತೆ. ನೂಲಿನ ಚೂರು, ಮಾತ್ರೆಯ ಖಾಲಿ ಪಟ್ಟಿ, ಆ ಕಂದು ಗುಂಡಿ ತಟ್ಟೆಗೆ ಬಿದ್ದವು. ನೂಲು, ಪಟ್ಟಿ ಬುಟ್ಟಿಗೆ ಹೋದವು. ಗುಂಡಿಯ ಒಡೆಯರು ಯಾರೆಂದು ಯೋಚಿಸುತ್ತಾ ಕೂತೆ. ಯಾರದೋ ಕೋಟಿನದು, ಮಾರ್ಚಿನಲ್ಲಿ ನಾನು ಕವುಚಿದ ತಟ್ಟೆಯದು. ಯಾರೂ ಕೇಳಿಕೊಂಡು ಬರಲಿಲ್ಲ. ಅಷ್ಟು ದಿನ ಚೀಪಿ ಅಂಚೆಲ್ಲ ಇನ್ನೂ ನುಣುಪಾಗಿತ್ತು.

ಇಸ್ತ್ರಿಯವನು ಇದನ್ನು ಯಾವ ಚೀಲಕ್ಕೆ ಹಾಕಲಿ ಎಂದು ಕೈ ಚಾಚಿದ. ಬೇಡ ಎಂದು ತಲೆಯಾಡಿಸಿ ಬಾಯಿಗೆ ಹಾಕಿಕೊಂಡೆ. ಹಬೆಗೆ ಬಾಯಿ ಒಣಗಿತ್ತು, ಅದಕ್ಕೆ. ಅಂಗಡಿ ಮುಚ್ಚುವವರೆಗೂ ಅಲ್ಲೇ ಇತ್ತು. ನೀರು ಕುಡಿಯಬೇಕು ಅನ್ನಿಸಲಿಲ್ಲ.